ಹೆಣ್ಣು ಸಿಂಹದ ಕಣ್ಣು

ಲಿಮ್ ಅವರ ಕಲ್ಲಿನ ಸಿಂಹಗಳು ಓಕ್ಲೆಂಡ್ ಬಂದರಿನಲ್ಲಿ ಹಡಗಿನಿಂದ ಇಳಿದು, ಲಾರಿಯೇರಿ ಕ್ಯಾಂಪ್‌ಬೆಲ್‌ಗೆ ಬಂದಾಗ ಎರಡು ಸಾವಿರದ ಇಸವಿಯ ಸೆಪ್ಟೆಂಬರ್ ಮುಗಿಯುತ್ತಿತ್ತು. ಅವನ್ನು ಇಳಿಸಿಕೊಳ್ಳಲೆಂದೇ ಮಧುಕರ್ ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದ. ಮುಂದಿನ ಮನೆ ಲಿಮ್ ಅವರದು. ಅದೇ ಅಂಗಳದ ಹಿಂಭಾಗದಲ್ಲಿದ್ದ ಚಿಕ್ಕ ಮನೆಯಲ್ಲಿ ಮಧುಕರ್ ನಾಲ್ಕು ವರ್ಷದಿಂದ ಬಾಡಿಗೆಗಿದ್ದ. ಎಪ್ಪತ್ತಾರು ವರ್ಷದ ಲಿಮ್ ಒಬ್ಬರೇ ಇದ್ದರು. ಬಾಗಿಲ ಮುಂದೆ ಒಂದು ಜೋಡಿ ಸಿಂಹ ಇರಬೇಕು ಎಂದು ಅವರ ಹೆಂಡತಿ ಮೂವತ್ತು ವರ್ಷ ಕೇಳಿದ್ದಳಂತೆ. ಆಗೆಲ್ಲ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದವರು, ಆಕೆ ತೀರಿಕೊಂಡ ಮೇಲೆ ಫುಜಿಯನ್ ಪ್ರಾಂತ್ಯದ ತಮ್ಮ ಹುಟ್ಟೂರಿನ ಚೀನೀ ಕಲ್ಲುಕುಟಿಗರಿಗೆ ಕಾಗದ ಬರೆದು ಮಾಡಿಸಿದರು.

ಬೂದುಬಿಳಿ ಕಲ್ಲಿನ, ಎದೆಮಟ್ಟದ ಸಿಂಹಗಳು. ಗಂಡಿನ ಬಲಗಾಲ ಕೆಳಗೆ ಚೆಂಡು, ಹೆಣ್ಣಿನ ಎಡಗಾಲ ಕೆಳಗೆ ಅಂಗಾತ ಮಲಗಿದ ಮರಿ. ಬಾಗಿಲಲ್ಲಿ ನಿಂತು ಬೀದಿ ನೋಡಿದರೆ ಗಂಡು ಎಡಕ್ಕೆ, ಹೆಣ್ಣು ಬಲಕ್ಕೆ ಬರಬೇಕು ಎಂದು ಲಿಮ್ ಹೇಳಿದ್ದರು. ಮಧುಕರ್ ದಾರ ಹಿಡಿದು, ರಸಮಟ್ಟ ಇಟ್ಟು, ಎರಡೂ ಪೀಠಗಳ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕೂರಿಸಿಕೊಟ್ಟ. ಲಿಮ್ ಅವನ ಭುಜ ತಟ್ಟಿದರು. ಎರಡೂ ಸಿಂಹಗಳ ಕಣ್ಣಿಗೆ ಕೆಂಪು ಬಟ್ಟೆ ಕಟ್ಟಿತ್ತು.

"ಇದನ್ನ ಬಿಚ್ಚಬಾರದು," ಎಂದರು ಲಿಮ್ ತಮ್ಮ ತುಂಡು ತುಂಡು ಇಂಗ್ಲಿಷಿನಲ್ಲಿ. "ನವೆಂಬರ್ ಐದು, ಭಾನುವಾರ. ಸ್ಯಾನ್ ಫ್ರಾನ್ಸಿಸ್ಕೋದಿಂದ ಪುರೋಹಿತರು ಬರ್ತಾರೆ. ನನ್ನ ಹೆಂಡತಿ ಹೆಸರು ಹೇಳ್ತಾರೆ, ಕಣ್ಣಿಗೆ ಕೆಂಪು ಚುಕ್ಕೆ ಇಡ್ತಾರೆ. ಆಮೇಲೆ ಸಿಂಹ ನೋಡುತ್ತೆ. ಅಲ್ಲಿಯವರೆಗೆ ಬರೀ ಕಲ್ಲು."

ಮಧುಕರ್ ತಲೆಯಾಡಿಸಿದ್ದ. ಅರ್ಥವಾಗಿರಲಿಲ್ಲ ಎಂದು ಅವನು ಯಾವತ್ತೂ ಹೇಳಿಕೊಳ್ಳುವಂತಿರಲಿಲ್ಲ.

ಆ ಸಿಂಹಗಳನ್ನು ಎಲ್ಲರಿಗಿಂತ ಹೆಚ್ಚು ಮೆಚ್ಚಿದವರು ಅವನ ಅತ್ತೆ ಮರಿತಾಯಮ್ಮ. ಮಗಳು ಪ್ರಮೀಳಾಳ ಎರಡನೆಯ ಬಾಣಂತನಕ್ಕೆಂದು ಮಳವಳ್ಳಿಯಿಂದ ಬಂದವರು. ಮೊದಲ ಮೊಮ್ಮಗಳು ಹರ್ಷಿತಾಗೆ ಎಂಟು ವರ್ಷ, ಹೊಸ ಮೊಮ್ಮಗನಿಗೆ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಮರಿತಾಯಮ್ಮನಿಗೆ ಇಂಗ್ಲಿಷು ಬಾರದು, ಲಿಮ್ ಅವರಿಗೆ ಕನ್ನಡ ಬಾರದು. ಆದರೂ ದಿನಾ ಬೆಳಿಗ್ಗೆ ಆಕೆ ಮುಂದಿನ ಅಂಗಳದ ದಾಸವಾಳ ಕೀಳಲು ಹೋದಾಗ ಇಬ್ಬರಿಗೂ ಹತ್ತು ನಿಮಿಷದ ಮಾತಿರುತ್ತಿತ್ತು. ಅವರು ಪರ್ಸಿಮನ್ ಹಣ್ಣು ಕೊಡುವರು, ಈಕೆ ನಿಪ್ಪಟ್ಟು ಕೊಡುವರು. ಹೆಣ್ಣು ಸಿಂಹದ ಕಾಲು ತೋರಿಸಿ, ಮರಿ ಚೀಪುವಂತೆ ಅಭಿನಯಿಸಿ, ಸಿಂಹಿಯ ಹಾಲು ಪಂಜದಲ್ಲಿ ಬರುತ್ತದೆಂದು ತಮ್ಮ ಕಡೆ ಹೇಳುತ್ತಾರೆ ಎಂಬುದನ್ನೂ ಲಿಮ್ ತಿಳಿಸಿಬಿಟ್ಟಿದ್ದರು.

"ಅದೂ ಬಾಣಂತಿ ಕಣವ್ವ," ಎಂದು ಮರಿತಾಯಮ್ಮ ಮಗಳ ಬಳಿ ಬಂದು ನಕ್ಕಿದ್ದರು. "ಉಗುರಲ್ಲಿ ಹಾಲು ಬತ್ತದಂತೆ. ನಿಂಗೂ ಹಂಗೇ ಬಂದಿದ್ರೆ, ಈ ಊರ್ನಾಗೆ ಸಬ್ಬಸಿಗೆ ಸೊಪ್ಪು ಹುಡುಕೋ ತಾಪತ್ರಯ ತಪ್ತಿತ್ತು."

ಅಕ್ಟೋಬರ್ ಮೊದಲ ವಾರ ಆಯುಧಪೂಜೆ ಬಂತು. ಶುಕ್ರವಾರ ಎಲ್ಲರಿಗೂ ಆಫೀಸು. ಹಾಗಾಗಿ ಪೂಜೆ ಶನಿವಾರಕ್ಕೆ ಹೋಯಿತು. ಮಧುಕರನ ಗೆಳೆಯರಾದ ಸಿದ್ದರಾಜು ಮತ್ತು ಜಗನ್ ತಮ್ಮ ಕಾರುಗಳನ್ನೂ ತಂದು ಸಾಲಾಗಿ ನಿಲ್ಲಿಸಿದರು. ಜಗನ್‌ದು ಹೊಸ ಕಾರು. ಅವನ ಡಾಟ್‌ಕಾಂ ಕಂಪನಿ ಇನ್ನೇನು ಷೇರುಪೇಟೆಗೆ ಹೋಗುತ್ತದೆಂದು ಮೂರು ತಿಂಗಳಿನಿಂದ ಹೇಳುತ್ತಿದ್ದ. ಬರೀ ನೀರಿನಲ್ಲಿ ಕಲಸಿದರೆ ಬೆಳಗಿನ ಇಬ್ಬನಿಗೆ ಕುಂಕುಮ ಇಳಿದುಹೋಗುತ್ತದೆ ಎಂದು ಮಧುಕರ್ ಲೆಕ್ಕ ಹಾಕಿ, ಬಾಣಂತಿ ಸ್ನಾನಕ್ಕಿಟ್ಟಿದ್ದ ಹರಳೆಣ್ಣೆಯಲ್ಲಿ ಕಲಸಿದ್ದ. ಲಿಮ್ ತಮ್ಮ ಮಗಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದರು. ಮರಿತಾಯಮ್ಮ ಒಳಗೆ ಕೂಸಿಗೆ ಎಣ್ಣೆ ನೀರು ಹಾಕುತ್ತಿದ್ದರು. ಹರ್ಷಿತಾ ಕುಂಕುಮದ ತಟ್ಟೆ ಹಿಡಿದು ಅಪ್ಪನ ಹಿಂದೆ ಹಿಂದೆ ಓಡಾಡುತ್ತಿದ್ದಳು.

ಕಾರುಗಳಿಗೆಲ್ಲ ಬೊಟ್ಟಿಟ್ಟು, ನಿಂಬೆಹಣ್ಣು ಚಕ್ರಕ್ಕೆ ಕೊಟ್ಟು ಆದ ಮೇಲೆ ಸಿದ್ದರಾಜು ಸಿಂಹಗಳತ್ತ ನೋಡಿದ.

"ಏನ್ ಗುರು, ನಮ್ ಗಾಡಿಗೆಲ್ಲಾ ಪೂಜೆ, ಚಾಮುಂಡವ್ವನ ಗಾಡಿಗೆ ಏನೂ ಇಲ್ವಾ? ಕಣ್ಣಿಗ್ ಬಟ್ಟೆ ಕಟ್ಟಿ ನಿಲ್ಸಿದೀಯ!"

"ಅದು ಓನರ್ದು ಕಣೋ. ಮುಟ್ಬಾರ್ದು ಅಂದಿದಾರೆ."

"ಮುಟ್ಬಾರ್ದಂತೆ!" ಜಗನ್ ನಕ್ಕ. "ನೋಡಪ್ಪ, ಎಮ್ಮೆಸ್ಸಿ ಕೆಮಿಸ್ಟ್ರಿ ಫಸ್ಟ್ ರ್‍ಯಾಂಕು, ಕಲ್ಲಿಗೆ ಹೆದರ್ಕೊಂಡ."

"ಹೆದರ್ಕೊಂಡಿಲ್ಲ."

"ಮತ್ತೆ ಇಡು ಮಗಾ. ಫೋಟೊ ಹೊಡೀತೀನಿ, ಊರಿಗೆ ಈಮೇಲ್ ಹಾಕೋಣ."

ಇಷ್ಟೇ ನಡೆದದ್ದು. ಮಧುಕರ್ ಹೆಣ್ಣು ಸಿಂಹದ ಬಟ್ಟೆಯ ಗಂಟು ಬಿಚ್ಚಿದ. ಹಣೆಗೆ ಒಂದು ಬೊಟ್ಟಿಟ್ಟ. ಕಲ್ಲಿನ ಕಣ್ಣುಗುಡ್ಡೆಗಳು ಖಾಲಿ ಖಾಲಿ ಕಂಡವು. ಬೆರಳಿನಲ್ಲಿ ಇಟ್ಟರೆ ಹರಡುತ್ತದೆಂದು ಕಡ್ಡಿಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು, ತುದಿಯನ್ನು ಕುಂಕುಮದಲ್ಲಿ ಅದ್ದಿ, ಎರಡು ಗುಡ್ಡೆಗಳ ನಟ್ಟನಡುವೆ ಒಂದೊಂದು ಚುಕ್ಕೆ ಇಟ್ಟ. ಅವನು ಮಾಡುವ ಎಲ್ಲ ಕೆಲಸದಂತೆ ಅದೂ ಅಚ್ಚುಕಟ್ಟಾಗಿತ್ತು.

"ಅಪ್ಪಾ, ಶೀ ಈಸ್ ಲುಕಿಂಗ್ ಅಟ್ ಮೀ!" ಹರ್ಷಿತಾ ತಟ್ಟೆ ಸಮೇತ ಎರಡು ಹೆಜ್ಜೆ ಹಿಂದೆ ಹೋದಳು. ಎಲ್ಲರೂ ನಕ್ಕರು. ಫೋಟೊ ಆಯಿತು. ಮಧುಕರ್ ಹಣೆಯ ಬೊಟ್ಟು ಒರೆಸಿ, ಬಟ್ಟೆಯನ್ನು ಮತ್ತೆ ಕಟ್ಟಿದ. ಗಂಟು ಮೊದಲಿದ್ದಂತೆಯೇ ಇರಲೆಂದು ಎರಡು ಸಲ ಬಿಚ್ಚಿ ಕಟ್ಟಿದ.

ಎಣ್ಣೆ ಗಂಟಿಗೆ ನಿಲ್ಲುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಬಟ್ಟೆಯ ಕೆಳಗಿನಿಂದ ಇಳಿದು ಸಿಂಹದ ಎರಡೂ ಕೆನ್ನೆಗಳ ಮೇಲೆ ಕೆಂಪು ಗೆರೆ ಎಳೆಯಿತು.

ಸಂಜೆ ಐದಕ್ಕೆ ಲಿಮ್ ಬಾಗಿಲು ಬಡಿದರು. ಕೈಯಲ್ಲಿ ಎಣ್ಣೆಯಾದ ಬಟ್ಟೆಯಿತ್ತು. ಗೆಳೆಯರು ಊಟ ಮುಗಿಸಿ ಹೋಗಿಯಾಗಿತ್ತು. ಮಧುಕರ್ ಬಾಗಿಲು ತೆಗೆದ. ಅವನ ಹಿಂದೆ, ಒಲೆಯ ಹತ್ತಿರದಿಂದ ಎದ್ದು ಬಂದ ಮರಿತಾಯಮ್ಮ ನಿಂತಿದ್ದರು. ಹಣೆಯ ಮೇಲೆ ರೂಪಾಯಿಯಗಲದ ಕುಂಕುಮ, ಅಂಗೈ ತುಂಬ ಅರಿಶಿನ. ಲಿಮ್ ಅವರ ಕಣ್ಣು ಮೊದಲು ಅವನ ಮುಖ ನೋಡಿತು, ಆಮೇಲೆ ಆ ಹಣೆ, ಆ ಕೈ.

"ಯಾರು ಕಣ್ಣು ತೆರೆದದ್ದು?" ಎಂದು ಕೇಳಿದರು.

ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ ದೋಷ ಹುಡುಕುವುದು ಮಧುಕರನ ಕೆಲಸ. ಸಿಲಿಕಾನ್ ಬಿಲ್ಲೆಯ ಮೇಲೊಂದು ಕಣ ಕೂತರೆ, ಅದು ಯಾವ ಯಂತ್ರದಿಂದ, ಯಾರ ಕೈಗವಸಿನಿಂದ ಬಂತು ಎಂದು ಪತ್ತೆ ಹಚ್ಚಿ, ಯಾರ ಮುಲಾಜೂ ಇಲ್ಲದೆ ವರದಿ ಬರೆಯುತ್ತಿದ್ದ. ಇಲ್ಲಿ ವರದಿ ಒಂದೇ ಪದದ್ದು. ಆ ಪದ ಬಾಯಿಗೆ ಬರಲಿಲ್ಲ. ಮೂವತ್ತೆಂಟು ವರ್ಷದ, ಓದಿದ ಮನುಷ್ಯ, ತಿಳಿದೂ ತಿಳಿದೂ ಗೆಳೆಯರ ನಗೆಗಾಗಿ ಮಾಡಿದ ಕೆಲಸವದು. ಹಾಗೆಂದು ಹೇಳುವುದು ಹೇಗೆ?

"ನಮ್ಮ ಅತ್ತೆ," ಎಂದ. "ಹಳ್ಳಿಯವರು. ಇವತ್ತು ನಮ್ಮ ಹಬ್ಬ. ಅವರಿಗೆ ಗೊತ್ತಾಗಲಿಲ್ಲ. ಕ್ಷಮಿಸಿ."

ಎಷ್ಟು ಸರಾಗವಾಗಿ ಬಂತೆಂದರೆ, ಹೇಳಿ ಮುಗಿದ ಮೇಲೆ ಅವನಿಗೇ ಒಂದು ಕ್ಷಣ ಅದು ನಿಜವೆನಿಸಿತು. ಮರಿತಾಯಮ್ಮ ಮನೆಗೆ ಬಂದವರಿಗೆ ಕೈ ಮುಗಿದು ನಕ್ಕರು. ಲಿಮ್ ನಗಲಿಲ್ಲ. ಆಕೆಯನ್ನೇ ಸ್ವಲ್ಪ ಹೊತ್ತು ನೋಡಿ, "ವಯಸ್ಸಾದವರು. ಬೈಯಬೇಡಿ," ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಪುರೋಹಿತರು ಬರೋವರೆಗೆ ಅವರು ಮುಂದಿನ ಅಂಗಳಕ್ಕೆ ಬರದಿದ್ದರೆ ಒಳ್ಳೆಯದು," ಎಂದು ಸೇರಿಸಿದರು.

ಊಟದ ಮೇಜಿನ ಹತ್ತಿರ ಹೋಂವರ್ಕ್ ಮಾಡುತ್ತಿದ್ದ ಹರ್ಷಿತಾ ಪೆನ್ಸಿಲ್ ಎತ್ತಿ ಹಿಡಿದು ಅಪ್ಪನನ್ನೇ ನೋಡುತ್ತಿದ್ದಳು. ಮಧುಕರ್ ಅವಳ ಕಡೆ ತಿರುಗಲಿಲ್ಲ.

"ಏನಂತವ್ವ ಅವ್ರದು?" ಮರಿತಾಯಮ್ಮ ಮಗಳನ್ನು ಕೇಳಿದರು. ಅಳಿಯನೊಂದಿಗೆ ಅವರು ನೇರ ಮಾತಾಡುತ್ತಿದ್ದುದೇ ಕಡಿಮೆ.

ಕೋಣೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದ ಪ್ರಮೀಳಾಗೆ ಏನೂ ಕೇಳಿಸಿರಲಿಲ್ಲ. ಅವಳು ಗಂಡನನ್ನು ನೋಡಿದಳು. "ಮುಂದ್ಗಡೆ ಏನೋ ರಿಪೇರಿ ಮಾಡಿಸ್ತಾರಂತೆ," ಎಂದ ಮಧುಕರ್. "ಯಾರಾದ್ರೂ ಬಿದ್ರೆ ಇನ್ಶೂರೆನ್ಸ್ ತೊಂದ್ರೆ. ಅತ್ತೆಗೆ ಆ ಕಡೆ ಹೋಗ್ಬೇಡಿ ಅಂತ ಹೇಳು."

ಮೊದಲ ಸುಳ್ಳು ತಪ್ಪಿಸಿಕೊಳ್ಳಲು. ಈ ಎರಡನೆಯದಕ್ಕೆ ಆ ನೆಪವೂ ಇರಲಿಲ್ಲ.

ಮುಂದಿನ ಹತ್ತು ದಿನ ಅವನು ತನಗೆ ತಾನೇ ರಸಾಯನಶಾಸ್ತ್ರ ಹೇಳಿಕೊಂಡ. ಊರಿನಿಂದ ತಂದ ಕುಂಕುಮ ಅಸಲಿಗೆ ಅರಿಶಿನ ಮತ್ತು ಸುಣ್ಣ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಎರಡು ಮೂರು ವಾರದಲ್ಲಿ ತಾನೇ ಮಾಸುತ್ತದೆ. ನವೆಂಬರ್ ಐದರ ಹೊತ್ತಿಗೆ ಕಲ್ಲು ಕಲ್ಲಿನ ಹಾಗೇ ಆಗುತ್ತದೆ. ಆದರೆ ಲಿಮ್ ಹೊಸ ಬಟ್ಟೆ ತಂದು, ಮೊದಲಿಗಿಂತ ದಪ್ಪವಾಗಿ, ಬಿಗಿಯಾಗಿ ಕಟ್ಟಿದ್ದರು. ಬಟ್ಟೆಯ ಕೆಳಗೆ ಬಿಸಿಲು ಬೀಳುವುದಿಲ್ಲ ಎನ್ನುವುದನ್ನು ಮಧುಕರ್ ತನಗೆ ಹೇಳಿಕೊಳ್ಳುತ್ತಿರಲಿಲ್ಲ.

ಮರಿತಾಯಮ್ಮ ದೇವರಿಗೆ ಅಂಗಡಿಯಿಂದ ತಂದ ಹೂವಿಟ್ಟರು. ಎಂಟನೆಯ ದಿನ ಬೇಲಿಯ ಪಕ್ಕದಿಂದಲೇ ನಿಪ್ಪಟ್ಟಿನ ಡಬ್ಬಿ ಎತ್ತಿ ತೋರಿಸಿದಾಗ ಲಿಮ್ ತಲೆಬಾಗಿಸಿ ಒಳಗೆ ಹೋಗಿಬಿಟ್ಟರು. ಆಕೆ ಡಬ್ಬಿ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದನ್ನು ಮಧುಕರ್ ಅಡುಗೆಮನೆಯ ಕಿಟಕಿಯಿಂದ ನೋಡಿದ. ನೋಡಿ, ಕಾಫಿ ಲೋಟ ತೊಳೆದಿಟ್ಟು, ಆಫೀಸಿಗೆ ಹೋದ.

ಹನ್ನೊಂದನೆಯ ದಿನ ಬುಧವಾರ. ಹರ್ಷಿತಾಳನ್ನು ಸ್ಕೂಲಿಗೆ ಬಿಟ್ಟು ಬಂದಿದ್ದ ಮಧುಕರ್, ಮರೆತಿದ್ದ ಆಫೀಸಿನ ಬ್ಯಾಡ್ಜು ತೆಗೆದುಕೊಂಡು ಹೊರಡಲೆಂದು ಮತ್ತೆ ಕಾರು ಹತ್ತಿದ. ಮುಂದಿನ ಅಂಗಳದ ಹತ್ತಿರ ಬರುತ್ತಿದ್ದಂತೆ ಬ್ರೇಕಿನ ಮೇಲೆ ಕಾಲು ತಾನಾಗಿ ಬಿತ್ತು.

ಮರಿತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಣ್ಣು ಸಿಂಹದ ಮುಂದೆ ಮಂಡಿಯೂರಿದ್ದರು. ಪಕ್ಕದಲ್ಲಿ ಒಂದು ಬಕೆಟ್ಟು ನೀರು, ಬಟ್ಟಲಲ್ಲಿ ಹುಣಸೆಹಣ್ಣು, ಕೈಯಲ್ಲಿ ತೆಂಗಿನ ನಾರು. ಕೆಂಪು ಬಟ್ಟೆ ಬಿಚ್ಚಿ ಮಡಿಸಿ ಸಿಂಹದ ಬೆನ್ನ ಮೇಲಿಟ್ಟಿದ್ದರು. ದೇವರ ತಾಮ್ರದ ಚೊಂಬು ತಿಕ್ಕುವ ಹಾಗೆ ಆ ಕಣ್ಣುಗಳನ್ನು ತಿಕ್ಕುತ್ತಿದ್ದರು. ಹುಳಿ ತಾಗಿದ್ದೇ ಕೆಂಪು ಹೋಗಿ ಹಳದಿಯಾಗಿತ್ತು. ಸಿಂಹಕ್ಕೆ ಕಾಮಾಲೆ ಬಂದಂತೆ ಕಾಣುತ್ತಿತ್ತು. ಹಾಗೆ ಯಾಕಾಗುತ್ತದೆಂದು ಕಾರಿನಲ್ಲಿ ಕೂತವನಿಗೆ ಚೆನ್ನಾಗಿ ಗೊತ್ತಿತ್ತು. ಆಕೆಗೆ ಗೊತ್ತಿರಲಿಲ್ಲ. ಬಣ್ಣ ತಿರುಗಿದ್ದನ್ನು ಕಂಡು ಗಾಬರಿಯಾಗಿ ಇನ್ನೂ ಜೋರಾಗಿ ತಿಕ್ಕಿದರು.

ಲಿಮ್ ಬಾಗಿಲಿಗೆ ಬಂದರು. ಮರಿತಾಯಮ್ಮ ಅವರನ್ನು ಕಂಡದ್ದೇ ಎದ್ದು, ನಾರು ಕೆಳಗಿಟ್ಟು, ಎರಡೂ ಕೈ ಅಡ್ಡ ಮಾಡಿ ಕೆನ್ನೆ ಕೆನ್ನೆ ಬಡಿದುಕೊಂಡರು. ಕಿವಿ ಹಿಡಿದುಕೊಂಡರು. ತಪ್ಪಾಯ್ತು, ತಪ್ಪಾಯ್ತು ಎಂದು ಬಗ್ಗಿದರು. ಐವತ್ತೊಂಬತ್ತು ವರ್ಷದ ಹೆಂಗಸು, ಮಾಡದ ತಪ್ಪಿಗೆ, ಹಾದಿಬೀದಿ ಕಾಣುವ ಹಾಗೆ.

ಕಾರಿನ ಕಿಟಕಿ ತಟ್ಟಿದ ಸದ್ದಾಯಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಪ್ರಮೀಳಾ ನಿಂತಿದ್ದಳು. ಅವನು ಗಾಜು ಇಳಿಸಿದ.

"ಹರ್ಷಿ ರಾತ್ರಿ ಅವ್ವಂಗೆ ಹೇಳಿದ್ಲಂತೆ. ಬೆಳಿಗ್ಗೆ ಅವ್ವ ನಂಗೆ ಹೇಳಿದ್ದು," ಎಂದಳು. ಅವಳ ದನಿ ಏರಲಿಲ್ಲ. "ಲಿಮ್ ತಾತ ಯಾಕೆ ಮಾತಾಡ್ಸಲ್ಲ ಅಂತ ಅವ್ವ ಕೇಳಿದ್ರೆ, 'ಅಪ್ಪ ಸೆಡ್ ಯೂ ಡಿಡ್ ಇಟ್' ಅಂದ್ಲಂತೆ. ಅಷ್ಟು ಇಂಗ್ಲಿಷು ನಮ್ಮವ್ವಂಗೂ ಅರ್ಥ ಆಗತ್ತೆ ರೀ."

"ನಾನೇ ಹೇಳ್ಬೇಕು ಅಂತಿದ್ದೆ..."

"ಹೇಳ್ಬೇಡಿ ಅಂತ ಯಾರಾದ್ರೂ ಹಿಡ್ಕೊಂಡಿದ್ರಾ? ಬೇಡವ್ವ, ಹೋಗ್ಬೇಡ ಅಂದೆ. ಅದಕ್ಕೆ ಅವ್ವ ಏನಂದ್ರು ಗೊತ್ತಾ? 'ಅಳಿಯಂದ್ರು ನಾನು ಮಾಡಿದ್ದು ಅಂದವ್ರೆ, ಅಂದ ಮ್ಯಾಲೆ ನಾನೇ ತೊಳೀಬೇಕು. ಇಲ್ದಿದ್ರೆ ಅವ್ರ ಮಾತು ಸುಳ್ಳಾಯ್ತದೆ' ಅಂದ್ರು."

ಮಗು ಬಿಕ್ಕಿತು. ಪ್ರಮೀಳಾ ಅದರ ಬೆನ್ನು ಸವರುತ್ತ ಹಿಂದಿನ ಮನೆಗೆ ಹೊರಟುಹೋದಳು.

ಮಧುಕರ್ ಕಾರಿನಿಂದ ಇಳಿದ. ಅಂಗಳ ದಾಟಲು ಹದಿನೈದು ಹೆಜ್ಜೆ ಇದ್ದಿರಬಹುದು. ಆ ಹದಿನೈದು ಹೆಜ್ಜೆಗಳಲ್ಲಿ ಅವನು ಎಷ್ಟೊಂದು ವಾಕ್ಯ ಜೋಡಿಸಿದ: ಒಂದು ತಪ್ಪು ಗ್ರಹಿಕೆಯಾಗಿದೆ, ಆ ದಿನ ಗಡಿಬಿಡಿಯಲ್ಲಿ, ನಾನು ಹೇಳಿದ್ದರ ಅರ್ಥ. ಯಾವುದೂ ನಿಲ್ಲಲಿಲ್ಲ. ಲಿಮ್ ಅವರ ಎದುರು ನಿಂತು, "ಕಣ್ಣು ತೆರೆದದ್ದು ನಾನು," ಎಂದ. "ಇವರಲ್ಲ. ಇವರು ಆಗ ಒಳಗೆ ಮಗುವಿಗೆ ಸ್ನಾನ ಮಾಡಿಸುತ್ತಿದ್ದರು. ನೀವು ಬೇಡ ಎಂದದ್ದು ನನಗೆ ನೆನಪಿತ್ತು. ನೆನಪಿದ್ದೂ ಮಾಡಿದೆ. ನೀವು ಕೇಳಿದಾಗ ಸುಳ್ಳು ಹೇಳಿದೆ."

ಲಿಮ್ ಅವನನ್ನು ನೋಡಿದರು. ಅವರು ಬೈದರೆ ಸಾಕಿತ್ತು, ಮನೆ ಖಾಲಿ ಮಾಡಿ ಎಂದರೂ ಸಾಕಿತ್ತು.

"ಕಣ್ಣಿನ ಚಿಂತೆ ಇಲ್ಲ," ಎಂದರು ಕೊನೆಗೆ. "ಪುರೋಹಿತರನ್ನ ಕೇಳಿದೆ. ಮತ್ತೆ ಮುಚ್ಚಬಹುದು, ಮತ್ತೆ ತೆರೆಯಬಹುದು, ಅದಕ್ಕೆ ದಾರಿ ಇದೆ ಅಂದರು. ಆದರೆ ನಾನು ನನ್ನ ಮಗಳಿಗೆ ಹೇಳಿದೆ, ಆ ಮುದುಕಿ ಮಾಡಿದಳು ಅಂತ. ಪುರೋಹಿತರಿಗೆ ಹೇಳಿದೆ. ಎದುರು ಮನೆಯವರಿಗೆ ಹೇಳಿದೆ. ಹೆಂಡತಿ ಫೋಟೊ ಮುಂದೆ ನಿಂತು ಅವಳಿಗೂ ಹೇಳಿದೆ." ಅವರು ಬೆರಳು ಮಡಿಸಿ ಎಣಿಸುತ್ತಿದ್ದರು. "ನಾಲ್ಕು ಜನ. ಈಗ ನಾಲ್ಕೂ ಕಡೆ ಹೋಗಿ, ನಾನು ಹೇಳಿದ್ದು ಸುಳ್ಳು ಅನ್ನಬೇಕು."

"ನಾನೇ ಬಂದು ಹೇಳುತ್ತೇನೆ," ಎಂದ ಮಧುಕರ್.

"ಮೂರು ಕಡೆ ಬರಬಹುದು," ಎಂದರು ಲಿಮ್. "ನಾಲ್ಕನೆಯದು ನನಗೇ ಬಿಡಿ."

ಆಮೇಲೆ ಅವರು ಮೆಟ್ಟಿಲಿಳಿದು ಮರಿತಾಯಮ್ಮನ ಮುಂದೆ ನಿಂತು, ಸೊಂಟದವರೆಗೆ ಬಗ್ಗಿದರು. ಆಕೆ ಕಂಗಾಲಾಗಿ, "ಅಯ್ಯಯ್ಯೋ, ಇದೇನ್ ಸಾಮಿ, ನೀವು ದೊಡ್ಡೋರು, ಬಗ್ಗಬಾರ್ದು," ಎಂದು ತಾವೂ ಬಗ್ಗಿದರು. ಇಬ್ಬರಲ್ಲಿ ಯಾರು ಮೊದಲು ನೆಟ್ಟಗಾಗುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಇದ್ದರು. ಲಿಮ್ ಒಳಗೆ ಹೋಗಿ ಒಂದು ಮೆತ್ತನೆಯ ಬಟ್ಟೆ, ಒಂದು ಪುಟ್ಟ ಸ್ಟೂಲು ತಂದರು. ಸ್ಟೂಲನ್ನು ಆಕೆಗೆ ಹಾಕಿ, ತಾವು ಇನ್ನೊಂದು ಬದಿಯಲ್ಲಿ ಕೂತು ಸಿಂಹದ ಕೆನ್ನೆ ಒರೆಸತೊಡಗಿದರು.

ಮಧುಕರ್ ನಿಂತೇ ಇದ್ದ. ಹುಣಸೆಹಣ್ಣಿನಿಂದ ಆಗುವುದಿಲ್ಲ, ಸೋಪಿನ ನೀರು ಬೇಕು, ಆಮೇಲೆ ಜೇಡಿಮಣ್ಣಿನ ಲೇಪ ಹಾಕಿ ಎಣ್ಣೆ ಹೀರಿಸಬೇಕು ಎಂದು ಅವನಿಗೆ ಗೊತ್ತಿತ್ತು. ಹತ್ತು ದಿನದಿಂದ ಗೊತ್ತಿತ್ತು. ಈಗ ಅದನ್ನು ಹೇಳಲು ಬಾಯಿ ತೆರೆಯುವುದೂ ಅವಮಾನವೆನಿಸಿ, ಸುಮ್ಮನೆ ಹೋಗಿ ಸೋಪಿನ ನೀರು ಕಲಸಿ ತಂದಿಟ್ಟ. ಮರಿತಾಯಮ್ಮ ಬಕೆಟ್ಟು ಹತ್ತಿರ ಎಳೆದುಕೊಂಡರು. ನಾರನ್ನು ಅವನಿಗೆ ಕೊಡಲಿಲ್ಲ.

"ಅತ್ತೆ," ಎಂದ ಮಧುಕರ್. "ತಪ್ಪಾಯ್ತು."

ಅವರು ಕಲ್ಲಿನ ಮರಿಯ ಮುಖದ ಮೇಲೆ ಸಿಡಿದಿದ್ದ ಹಳದಿ ನೀರನ್ನು ಸೆರಗಿನ ತುದಿಯಿಂದ ಒತ್ತಿ ತೆಗೆದರು. ಮಾತಾಡಿದ್ದೂ ಆ ಮರಿಯ ಕಡೆ ನೋಡಿಕೊಂಡೇ.

"ನಂಗ್ಯಾಕೆ ಹೇಳ್ಬೇಕು. ನಾನು ಎಷ್ಟು ಮಾತು ಕೇಳ್ದೋಳು, ಇದೊಂದು ಕೇಳಿದ್ರೆ ಸವೆಯಾಕಿಲ್ಲ. ರಾತ್ರಿ ಆ ಮಗ ನನ್ನ ಪಕ್ಕ ಮಲಗ್ಕಂಡು, ಅಜ್ಜಿ ನಾನೇ ತಟ್ಟೆ ಹಿಡ್ದಿದ್ದೆ, ಅಪ್ಪ ನಂದೂ ಹೆಸ್ರು ಹೇಳ್ಬುಡ್ತಾರಾ ಅಂತ ಕೇಳ್ತು. ಹತ್ತು ದಿನ ಅದನ್ನ ಹೊಟ್ಟೇಲಿ ಇಟ್ಕಂಡಿತ್ತು. ಇಸ್ಕೂಲಿಂದ ಬರ್ಲಿ. ಅದಕ್ಕೆ ಹೇಳಿ."

ಮಧುಕರ್ ಅವತ್ತು ಆಫೀಸಿಗೆ ಹೋಗಲಿಲ್ಲ. ಶಾಲೆ ಬಿಡುವುದಕ್ಕೆ ಅರ್ಧ ಗಂಟೆ ಮುಂಚೆಯೇ ಹೋಗಿ ಗೇಟಿನ ಬಳಿ ನಿಂತ. ಬೇರೆ ಮಕ್ಕಳ ತಾಯಂದಿರು ಅವನ ಕಡೆ ನೋಡಿ ನಕ್ಕರೆ, ಅವರಿಗೆಲ್ಲ ವಿಷಯ ಗೊತ್ತಿದೆಯೇನೋ ಅನ್ನಿಸುತ್ತಿತ್ತು. ಗಂಟೆ ಹೊಡೆಯಿತು. ಮಕ್ಕಳ ಗುಂಪಿನಲ್ಲಿ ಹರ್ಷಿತಾ ಬಂದವಳು ಅವನನ್ನು ಕಂಡು ನಿಂತುಬಿಟ್ಟಳು. ದಿನಾ ಕರೆದೊಯ್ಯಲು ಬರುತ್ತಿದ್ದವಳು ಪ್ರಮೀಳಾ.

"ವೈ ಆರ್ ಯೂ ಹಿಯರ್? ಅಜ್ಜಿ ಓಕೇನಾ?"

"ಓಕೆ ಪುಟ್ಟಾ." ಅವನು ಅವಳ ಎತ್ತರಕ್ಕೆ ಕೂತ. ಸಿಮೆಂಟಿನ ಹಾದಿ ಬಿಸಿಲಿಗೆ ಕಾದಿತ್ತು. "ಸಿಂಹಕ್ಕೆ ಕುಂಕುಮ ಇಟ್ಟಿದ್ದು ನಾನು. ತಾತನ ಹತ್ರ ಅಜ್ಜಿ ಇಟ್ರು ಅಂತ ಸುಳ್ಳು ಹೇಳ್ದೆ. ನೀನು ತಟ್ಟೆ ಹಿಡ್ದಿದ್ದೆ ಅಷ್ಟೇ, ನಿಂದೇನೂ ತಪ್ಪಿಲ್ಲ."

"ಐ ನೋ ಯೂ ಡಿಡ್ ಇಟ್," ಎಂದಳು ಅವಳು. ಅದರಲ್ಲಿ ಹೊಸದೇನಿದೆ ಎಂಬಂತೆ. "ಡಿಡ್ ಯೂ ಟೆಲ್ ಮಿಸ್ಟರ್ ಲಿಮ್?"

"ಹೇಳ್ದೆ. ಬೆಳಿಗ್ಗೆ."

"ಅಜ್ಜಿಗೆ?"

"ಹೇಳ್ದೆ."

ಹರ್ಷಿತಾ ಬ್ಯಾಗಿನ ಪಟ್ಟಿ ಸರಿಮಾಡಿಕೊಳ್ಳುತ್ತ ಯೋಚಿಸಿದಳು. ಅವಳ ಗೆಳತಿಯೊಬ್ಬಳು ಓಡುತ್ತ ಬಂದು ಬೈ ಹೇಳಿ ಹೋದಳು. ಅವಳು ಬೈ ಹೇಳಿ ಮತ್ತೆ ಅಪ್ಪನ ಕಡೆ ತಿರುಗಿದಳು.

"ನಾನು ಕೇಳಿಸ್ಕೊಳ್ದಿದ್ರೆ?" ಎಂದಳು, ಅಪರೂಪಕ್ಕೆ ಪೂರ್ತಿ ಕನ್ನಡದಲ್ಲಿ. "ನಾನು ಅಲ್ಲಿ ಇರ್ದಿದ್ರೆ ಹೇಳ್ತಿದ್ರಾ?"

ಹೌದು ಎನ್ನಲು ನಾಲಿಗೆ ಸಿದ್ಧವಾಗಿತ್ತು. ಮಧುಕರ್ ಅದನ್ನು ತಡೆದು ಹಿಡಿದ.

"ಗೊತ್ತಿಲ್ಲ," ಎಂದ. "ಇಲ್ಲ ಅನ್ಸುತ್ತೆ."

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಮಧುಕರ್ ತಲೆ ತಗ್ಗಿಸಲಿಲ್ಲ. ಆಮೇಲೆ ಅವಳು ಕಾರಿನ ಕಡೆ ನಡೆದಳು. ಅವನು ಎದ್ದು, ಅವಳಿಗಿಂತ ಎರಡು ಹೆಜ್ಜೆ ಹಿಂದೆ ಹೊರಟ.